ಮೊಬೈಲ್ ಕಂಪನಿ ಮುಚ್ಚಿದರೆ ಕೆಲಸ, ಬಾಕಿ, ನಂಬರ್ ಎಂತ ಆಗುತ್ತದೆ? ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲಿಕಾಂ ಲೈನಿನಲ್ಲಿ ದುಡಿದು ಹೊರಬಿದ್ದವರು, ಈಗಲೂ ದುಡಿಯುತ್ತಿರುವವರು, ರೀಚಾರ್ಜ್ ಅಂಗಡಿಯವರು, ತಾರಸಿಯ ಮೇಲೆ ಟವರ್ ಕೂರಿಸಿಕೊಂಡವರು ಸಿಕ್ಕಿದಲ್ಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ಲೆಕ್ಕ ಬರೆಯುವಲ್ಲಿಂದ ಶುರುಮಾಡಿ ಕಂಪನಿಯ ಸೇಲ್ಸ್ ತನಕ ಹೋಗಿ ಹೊರಗೆ ಬಂದವನು. ವಕೀಲನಲ್ಲ. ಕಾನೂನಿನ ಮಾತು ಬಂದಲ್ಲಿ ದಾರಿ ಮಾತ್ರ ತೋರಿಸಿದ್ದೇನೆ. ಅರ್ಜಿ ಹಾಕುವ ಮೊದಲು ತಿಳಿದವರನ್ನು ಒಮ್ಮೆ ಕಾಣುವುದು ಒಳ್ಳೆಯದು.

ಒಂದು ಕಾಲದಲ್ಲಿ ಅಷ್ಟೆಲ್ಲ ಕಂಪನಿಗಳಿದ್ದವಲ್ಲ, ಎಲ್ಲ ಎಲ್ಲಿಗೆ ಹೋದವು?

ಎರಡು ಸಲ ಜಾಲಾಡಿಸಿದಂತೆ ಹೋದವು. ಎರಡಕ್ಕೂ ಕಾರಣ ಬೇರೆ.

ಅದಕ್ಕೂ ಮೊದಲು ಬರೀ ಬೋರ್ಡ್ ಬದಲಾಗುತ್ತಿದ್ದ ಕಾಲ ಒಂದಿತ್ತು. ಕರ್ನಾಟಕ ಸರ್ಕಲ್‌ನಲ್ಲಿ (ಲೈಸೆನ್ಸ್ ಕೊಡುವ ವಲಯಕ್ಕೆ ಸರ್ಕಲ್ ಎನ್ನುತ್ತಾರೆ) ಇದ್ದ ಜೆಟಿ ಮೊಬೈಲ್ಸ್ 1999ರಲ್ಲಿ ಭಾರ್ತಿಯ ಕೈಸೇರಿ ಏರ್‌ಟೆಲ್ ಆಯಿತು. ಹಚ್ 2007ರಲ್ಲಿ ವೊಡಾಫೋನ್ ಆಯಿತು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. ಆಗ ಯಾರೂ ಹೆದರಲಿಲ್ಲ. ಪ್ರತಿ ತಿಂಗಳೂ ಹೊಸ ಗ್ರಾಹಕರು ಬರುತ್ತಿದ್ದರು, ಹುಡುಗರು ಸಾಕಾಗುತ್ತಿರಲಿಲ್ಲ. ಅಂಗಿಯ ಬಣ್ಣ ಬದಲಾಯಿತು, ಅಷ್ಟೆ.

ಮೊದಲ ಪೆಟ್ಟು ನ್ಯಾಯಾಲಯದಿಂದ ಬಂತು. 2008ರ ಜನವರಿಯಲ್ಲಿ ಹಂಚಿದ್ದ 122 ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 2ರಂದು ರದ್ದು ಮಾಡಿತು. ಯುನಿನಾರ್, ವಿಡಿಯೊಕಾನ್, ಎಂಟಿಎಸ್‌ನಂಥವು ಬೇರೆ ಬೇರೆ ಸರ್ಕಲ್‌ಗಳಲ್ಲಿ ಗಂಟುಮೂಟೆ ಕಟ್ಟಿದವು. ಕೆಲವು ಮತ್ತೆ ಹರಾಜಿನಲ್ಲಿ ತರಂಗಾಂತರ (ಮೊಬೈಲ್ ಸಿಗ್ನಲ್ ಓಡುವ ರೇಡಿಯೊ ಅಲೆ) ಕೊಂಡು ಉಸಿರು ಹಿಡಿದವು, ಕೆಲವು ದೇಶವನ್ನೇ ಬಿಟ್ಟವು. 2ಜಿ ಹಗರಣ ಎಂದು ಹೆಸರಾದ ಆ ಹಂಚಿಕೆಯ ಕ್ರಿಮಿನಲ್ ಕೇಸಿನಲ್ಲಿ 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ಮುಚ್ಚಿದ ಕಂಪನಿಯೂ ಇಲ್ಲ, ಅಲ್ಲಿ ದುಡಿದವರು ಎಲ್ಲಿದ್ದಾರೆಂದು ಕೇಳುವವರೂ ಇಲ್ಲ.

ಎರಡನೆಯದು 2016ರಿಂದ 2019ರ ನಡುವೆ. ವಿಡಿಯೊಕಾನ್ ತನ್ನ ತರಂಗಾಂತರವನ್ನು ಏರ್‌ಟೆಲ್‌ಗೆ ಮಾರಿತು. ಎಂಟಿಎಸ್ ರಿಲಯನ್ಸ್ ಕಮ್ಯುನಿಕೇಷನ್ಸ್‌ಗೆ ಸೇರಿತು. ಅದಾಗಿ ಸ್ವಲ್ಪದರಲ್ಲೇ, 2017ರ ಡಿಸೆಂಬರ್ 1ರಿಂದ, ಆ ಕಂಪನಿಯೇ ಕರೆಗಳ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರ ಆರಂಭದಲ್ಲಿ ದಿವಾಳಿ ಅರ್ಜಿ ಹಾಕಿತು. ಯುನಿನಾರ್ ಹೆಸರು ಬದಲಿಸಿ ಟೆಲಿನಾರ್ ಆಗಿತ್ತು, ಅದು 2018ರಲ್ಲಿ ಏರ್‌ಟೆಲ್ ಒಳಗೆ ಹೋಯಿತು. 2018ರ ಆಗಸ್ಟ್ 31ರಂದು ವೊಡಾಫೋನ್, ಐಡಿಯಾ ಒಂದಾದವು. ಟಾಟಾ ಡೊಕೊಮೊದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ಗೆ ಹೋಯಿತು. ಉಳಿದದ್ದು ಮೂರು ಖಾಸಗಿ, ಒಂದು ಸರ್ಕಾರಿ.

ಇದಕ್ಕೆಲ್ಲ ಜಿಯೋ ಬಂದದ್ದೇ ಕಾರಣ ಅಲ್ಲವಾ?

ಹೆಚ್ಚಿನವರು ಹಾಗೇ ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ಉಳಿದವರು ಒಂದು ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಜಿಯೋ ಮರುವರ್ಷದ ಮಾರ್ಚ್ 31ರ ತನಕ ಪುಕ್ಕಟೆ ಕೊಟ್ಟಿತು. ಆರು ತಿಂಗಳೊಳಗೆ 10 ಕೋಟಿ ಗ್ರಾಹಕರಾದರು. ಹಂಪನಕಟ್ಟೆಯಲ್ಲಿ ಬೆಳಿಗ್ಗೆಯೇ ಆಧಾರ್ ಕಾರ್ಡ್ ಹಿಡಿದು ಕ್ಯೂ ನಿಂತವರಲ್ಲಿ ಬೇರೆ ಕಂಪನಿಯ ಸೇಲ್ಸ್ ಹುಡುಗರೂ ಇದ್ದರು. ಎರಡನೇ ಸಿಮ್‌ಗೆಂದು ಬಂದವರು. ನಗಬೇಡಿ, ಪುಕ್ಕಟೆ ಸಿಗುವಾಗ ಯಾರು ಬಿಡುತ್ತಾರೆ?

ಆದರೆ ಮನೆ ಮೊದಲೇ ಸಾಲದಲ್ಲಿತ್ತು. 2010ರ 3ಜಿ ಹರಾಜಿನಿಂದ ಸರ್ಕಾರಕ್ಕೆ ಬಂದದ್ದು 67,719 ಕೋಟಿ ರೂಪಾಯಿ. 2015ರ ಹರಾಜಿನಲ್ಲಿ ಸುಮಾರು 1.10 ಲಕ್ಷ ಕೋಟಿ. ಈ ದುಡ್ಡು ಕಂಪನಿಗಳ ತಿಜೋರಿಯಲ್ಲಿ ಇದ್ದದ್ದಲ್ಲ, ಬ್ಯಾಂಕಿನಿಂದ ತಂದದ್ದು, ಇಲ್ಲವೇ ಸರ್ಕಾರಕ್ಕೇ ಕಂತಿನಲ್ಲಿ ಕಟ್ಟುವುದಾಗಿ ಒಪ್ಪಿಕೊಂಡದ್ದು. ಸಾಲ ಮಾಡಿ ತರಂಗಾಂತರ ಕೊಂಡವನಿಗೆ ಪ್ರತಿ ಗ್ರಾಹಕನಿಂದ ತಿಂಗಳಿಗೆ ಇಷ್ಟು ಬರಬೇಕು ಎಂಬ ಲೆಕ್ಕ ಇರುತ್ತದೆ. ದರ ನೆಲಕ್ಕಿಳಿದಾಗ ಆ ಲೆಕ್ಕ ಹರಿದುಹೋಯಿತು. 2017ರ ಅಕ್ಟೋಬರ್ 1ರಿಂದ ಒಂದು ಕಂಪನಿ ಇನ್ನೊಂದಕ್ಕೆ ಕೊಡಬೇಕಾದ ಕರೆಸಂಪರ್ಕ ಶುಲ್ಕವನ್ನು ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಮಿಷಕ್ಕೆ 14 ಪೈಸೆಯಿಂದ 6ಕ್ಕೆ ಇಳಿಸಿತು. ಹೊರಗಿನಿಂದ ಹೆಚ್ಚು ಕರೆ ಬರುತ್ತಿದ್ದ ಹಳೇ ಕಂಪನಿಗಳಿಗೆ ಅದೂ ಒಂದು ಏಟು.

ಜಿಯೋ ಬಾರದೇ ಇದ್ದಿದ್ದರೆ ಇವುಗಳಲ್ಲಿ ಕೆಲವು ಇನ್ನೂ ನಾಲ್ಕು ವರ್ಷ ಕುಂಟಿಕೊಂಡು ಹೋಗುತ್ತಿದ್ದವು ಅಷ್ಟೆ.

ಎಜಿಆರ್ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದೆಂತ?

ಅಡ್ಜಸ್ಟೆಡ್ ಗ್ರಾಸ್ ರೆವೆನ್ಯೂ, ಕಂಪನಿಯ ಆದಾಯದಲ್ಲಿ ಸರ್ಕಾರದ ಪಾಲು ಲೆಕ್ಕ ಹಾಕುವ ಅಳತೆಗೋಲು. 1999ರ ಟೆಲಿಕಾಂ ನೀತಿಯ ನಂತರ ಲೈಸೆನ್ಸ್‌ಗೆ ನಿಗದಿತ ಮೊತ್ತ ಕಟ್ಟುವ ಬದಲು ಆದಾಯದ ಇಂತಿಷ್ಟು ಪಾಲು ಎಂದಾಯಿತು. ಫೋನಿನಿಂದ ಬಂದ ಆದಾಯ ಮಾತ್ರ ಲೆಕ್ಕಕ್ಕೆ ಎಂದು ಕಂಪನಿಗಳು ವಾದಿಸಿದವು. ಬ್ಯಾಂಕ್ ಬಡ್ಡಿ, ಬಾಡಿಗೆ, ಗುಜರಿ ಮಾರಿದ ಹಣ ಎಲ್ಲವೂ ಸೇರಬೇಕು ಎಂದು ಟೆಲಿಕಾಂ ಇಲಾಖೆ ಪಟ್ಟುಹಿಡಿಯಿತು. ವರ್ಷಗಟ್ಟಲೆ ಎಳೆದ ಈ ಜಗಳದಲ್ಲಿ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಇಲಾಖೆಯ ಪರ ತೀರ್ಪು ಕೊಟ್ಟಿತು. ಅಸಲಿಗಿಂತ ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿಯೇ ಹೆಚ್ಚಾಗಿತ್ತು. ಇಲಾಖೆಯ ಲೆಕ್ಕದಲ್ಲಿ ವೊಡಾಫೋನ್ ಐಡಿಯಾ ಒಂದೇ ಕೊಡಬೇಕಾದದ್ದು 58,254 ಕೋಟಿ ರೂಪಾಯಿ. ಆ ಆರ್ಥಿಕ ವರ್ಷ ಅದು ತೋರಿಸಿದ ನಷ್ಟ 73,878 ಕೋಟಿ. ಅಷ್ಟು ನಷ್ಟವನ್ನು ಅಲ್ಲಿಯ ತನಕ ಭಾರತದ ಯಾವ ಕಂಪನಿಯೂ ತೋರಿಸಿರಲಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹತ್ತು ವರ್ಷಗಳ ಕಂತು ಕೊಟ್ಟಿತು. 2021ರಲ್ಲಿ ಸರ್ಕಾರ ನಾಲ್ಕು ವರ್ಷ ಕಂತು ಮುಂದೂಡಿತು, ಮುಂದಕ್ಕೆ ಫೋನೇತರ ಆದಾಯವನ್ನು ಲೆಕ್ಕದಿಂದ ಬಿಟ್ಟಿತು. ಹಿಂದಿನದ್ದು ಹಾಗೇ ಉಳಿಯಿತು.

ಕೆಲಸ ಹೋದದ್ದು ಯಾರದ್ದು? ಕಂಪನಿಯವರದ್ದಾ?

ಕಂಪನಿಯ ಐಡಿ ಕಾರ್ಡ್ ಇದ್ದವರದ್ದು ಪೇಪರಿನಲ್ಲಿ ಬಂತು. ಉಳಿದವರದ್ದು ಬರಲಿಲ್ಲ. ಇವರೇ ಹೆಚ್ಚು ಎನ್ನುವುದು ಈ ಲೈನಿನವರಿಗೆ ಗೊತ್ತು.

ಊರಿನ ಮಟ್ಟದಲ್ಲಿ ಹೇಗಿತ್ತೆಂದರೆ: ಮಂಗಳೂರಿನಲ್ಲಿ ಕಂಪನಿಯದ್ದೊಂದು ಏರಿಯಾ ಆಫೀಸ್, ಅದರಲ್ಲಿ ಬೆರಳೆಣಿಕೆಯ ಜನ. ಅದರ ಕೆಳಗೆ ಬಂಟ್ವಾಳ, ಪುತ್ತೂರು, ಕಾರ್ಕಳ, ಕುಂದಾಪುರಕ್ಕೆಲ್ಲ ಡಿಸ್ಟ್ರಿಬ್ಯೂಟರ್‌ಗಳು. ಅವರ ಕೈಕೆಳಗೆ ಬೈಕ್ ಇಟ್ಟುಕೊಂಡು ಅಂಗಡಿ ಅಂಗಡಿ ಸುತ್ತುವ ಎಫ್‌ಒಎಸ್ (ಫೀಟ್ ಆನ್ ಸ್ಟ್ರೀಟ್) ಹುಡುಗರು. ಮತ್ತೆ ಅಂಗಡಿ ಮುಂದೆ ಕೊಡೆ ಬಿಡಿಸಿ ಕೂರುವ ಪ್ರೊಮೋಟರ್‌ಗಳು, ಶೋರೂಮಿನಲ್ಲಿ ಏಜೆನ್ಸಿ ಮೂಲಕ ಬಂದ ಹುಡುಗಿಯರು, ಟವರ್‌ಗೆ ಡೀಸೆಲ್ ಹಾಕುವವರು, ಸೆಕ್ಯುರಿಟಿಯವರು. ಏರಿಯಾ ಆಫೀಸಿನವರನ್ನು ಬಿಟ್ಟರೆ ಇವರಲ್ಲಿ ಯಾರ ಸಂಬಳವೂ ಕಂಪನಿಯ ಖಾತೆಯಿಂದ ನೇರ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಎಲ್ಲ ಕೆಲಸವೂ ಪೈಪೋಟಿಯಿಂದಲೇ ಹೋಯಿತು ಅನ್ನಲಾಗದು. ಆಗ ಒಂದು ಸಿಮ್ ಮಾರಿದರೆ ಅದರ ಹಿಂದೆ ಒಂದು ಅರ್ಜಿ ಫಾರಂ, ಒಂದು ಫೋಟೊ, ಒಂದು ಜೆರಾಕ್ಸ್. ಎಫ್‌ಒಎಸ್ ಹುಡುಗ ಸಂಜೆ ಬ್ಯಾಗ್ ಬಿಚ್ಚಿ ಫಾರಂಗಳನ್ನು ಮೇಜಿನ ಮೇಲೆ ಸುರಿಯುತ್ತಿದ್ದ. ಮಳೆಗಾಲದಲ್ಲಿ ಅರ್ಧ ಫೋಟೊಗಳು ಒಂದಕ್ಕೊಂದು ಅಂಟಿರುತ್ತಿದ್ದವು. ಆಫೀಸಿನಲ್ಲಿ ಇಬ್ಬರು ಮೂವರು ಕೂತು ಸಹಿ ತಾಳೆ ಹಾಕಿ, ವಿಳಾಸ ತಿದ್ದಿಸಿ, ಕಟ್ಟು ಕಟ್ಟಿ ಕೊರಿಯರ್‌ಗೆ ಕೊಡಬೇಕು. ಆಧಾರ್ ಬೆರಳಚ್ಚು ಬಂದ ಮೇಲೆ ಆ ಮೇಜೇ ಖಾಲಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಾಸಗಿಯವರ ಆಧಾರ್ ಬಳಕೆಗೆ ತಡೆ ಹಾಕಿದಾಗ ಸ್ವಲ್ಪ ಕಾಲ ಕಾಗದ ವಾಪಸ್ ಬಂತು, ಮೇಜಿನವರು ಬರಲಿಲ್ಲ. 2024ರ ಜನವರಿ 1ರಿಂದ ಕಾಗದದ ಅರ್ಜಿಯನ್ನೇ ನಿಲ್ಲಿಸಿದ್ದಾರೆ. ಉಜ್ಜುವ ಕೂಪನ್‌ಗಳ ಕಥೆಯೂ ಹೀಗೇ: ಅದನ್ನು ಈ-ರೀಚಾರ್ಜ್ ತಿಂದಿತು, ಈ-ರೀಚಾರ್ಜ್ ಅಂಗಡಿಯನ್ನು ಯುಪಿಐ ಆ್ಯಪ್ ತಿನ್ನುತ್ತಿದೆ.

ಬ್ಯಾಂಕ್‌ಗಳು ಸೇರಿಕೊಂಡಾಗ ಯಾರದ್ದೂ ಕೆಲಸ ಹೋಗಲಿಲ್ಲ. ಟೆಲಿಕಾಂನಲ್ಲಿ ಯಾಕೆ ಹೋಯಿತು?

ಕರಾವಳಿಯಲ್ಲಿ ಈ ಪ್ರಶ್ನೆ ಬಾರದೇ ಇರುವುದಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬರೋಡಾಕ್ಕೆ, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದ್ದನ್ನು ಇಲ್ಲಿಯವರು ಕಣ್ಣಾರೆ ಕಂಡವರು. ಶಾಖೆಗಳು ಮುಚ್ಚಿದವು, ವರ್ಗಾವಣೆ ಆಯಿತು, ಮನಸ್ಸಿಗೆ ಬೇಸರವೂ ಆಯಿತು. ಆದರೆ ಅವರು ಸರ್ಕಾರಿ ಬ್ಯಾಂಕಿನ ನೌಕರರು, ಸರ್ಕಾರವೇ ಭರವಸೆ ಕೊಟ್ಟಿತ್ತು, ಯೂನಿಯನ್ ಗಟ್ಟಿ ಇತ್ತು. ಖಾಸಗಿ ಮೊಬೈಲ್ ಕಂಪನಿಯಲ್ಲಿ ಇವು ಮೂರೂ ಇಲ್ಲ. ಅಲ್ಲಿ ವಿಲೀನದ ಉದ್ದೇಶವೇ ಖರ್ಚು ಇಳಿಸುವುದು: ಒಂದೇ ಗುಡ್ಡದಲ್ಲಿ ಎರಡು ಟವರ್ ಬೇಡ, ಒಂದೇ ತಾಲೂಕಿಗೆ ಇಬ್ಬರು ಮ್ಯಾನೇಜರ್ ಬೇಡ.

ಬಿಎಸ್‌ಎನ್‌ಎಲ್‌ನಲ್ಲಿ ಅಷ್ಟು ಜನ ಒಟ್ಟಿಗೆ ಹೋದದ್ದು ಹೇಗೆ? ಒತ್ತಾಯ ಮಾಡಿದರಾ?

ಕಾಗದದ ಮೇಲೆ ಒತ್ತಾಯ ಇಲ್ಲ, ಹೆಸರೇ ಸ್ವಯಂ ನಿವೃತ್ತಿ. 2019ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಸಂಬಳ ತಡವಾಯಿತು. ಸಂಸ್ಥೆಯ ಆದಾಯದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತಿತ್ತು. ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಪುನಶ್ಚೇತನ ಪ್ಯಾಕೇಜ್ ಒಪ್ಪಿತು. ನವೆಂಬರ್ 4ರಿಂದ ಡಿಸೆಂಬರ್ 3ರ ತನಕ 50 ವರ್ಷ ದಾಟಿದವರಿಂದ ಅರ್ಜಿ ಕರೆದರು. ದುಡಿದ ಪ್ರತಿ ವರ್ಷಕ್ಕೆ 35 ದಿನದ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ ಎಂಬ ಲೆಕ್ಕ. ಸುಮಾರು ಒಂದೂವರೆ ಲಕ್ಷ ನೌಕರರಲ್ಲಿ 78 ಸಾವಿರಕ್ಕೂ ಹೆಚ್ಚು ಮಂದಿ ಬರೆದುಕೊಟ್ಟು 2020ರ ಜನವರಿ 31ರಂದು ಒಂದೇ ದಿನ ಹೊರಬಂದರು. ದಿಲ್ಲಿ, ಮುಂಬೈಯ ಎಂಟಿಎನ್‌ಎಲ್‌ನಿಂದ ಇನ್ನೂ 14 ಸಾವಿರ.

ಸಂಬಳ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಹೊತ್ತಿನಲ್ಲಿ ಇಡುಗಂಟು ತೋರಿಸಿ ಸಹಿ ಕೇಳಿದರೆ ಅದನ್ನು ಪೂರ್ತಿ ಸ್ವಯಂ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹಾಗೆಂದು ಹೋದವರೆಲ್ಲ ಅಳುತ್ತ ಹೋದರು ಎನ್ನುವುದೂ ಸುಳ್ಳು. ಬಿಎಸ್‌ಎನ್‌ಎಲ್ ಆಗುವ ಮೊದಲಿನ ಟೆಲಿಕಾಂ ಇಲಾಖೆಯ ಕಾಲದಿಂದ ಬಂದವರಿಗೆ ಪಿಂಚಣಿ ಇತ್ತು. ಲೆಕ್ಕ ಹಾಕಿಯೇ ಹೋದರು.

ನಷ್ಟ ಆದದ್ದು ಸ್ಥಿರವಾಣಿಗೆ. 0824, 0820ರ ಹಳೇ ಸಂಪರ್ಕಗಳ ತಾಮ್ರದ ತಂತಿ ರಸ್ತೆಬದಿಯ ಪಿಲ್ಲರ್‌ಗೆ ಬಂದು, ಅಲ್ಲಿಂದ ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸ್‌ಗೆ ಹೋಗಿ, ಅಲ್ಲಿಂದ ತೆಂಗಿನ ಮರವನ್ನೋ ಕಂಬವನ್ನೋ ಹಿಡಿದು ಮನೆ ಸೇರುತ್ತದೆ. ಜೂನ್‌ನಲ್ಲಿ ಜಾಯಿಂಟ್‌ಗೆ ನೀರು ನುಗ್ಗಿದರೆ ಒಂದು ಕೇರಿಯೇ ಸತ್ತುಹೋಗುತ್ತದೆ. ಯಾವ ಪೇರ್ (ತಂತಿಯ ಜೋಡಿ) ಯಾರ ಮನೆಯದ್ದು ಎಂಬುದು ನಕ್ಷೆಯಲ್ಲಿ ಇರುವುದಕ್ಕಿಂತ ಲೈನ್‌ಮ್ಯಾನ್‌ನ ತಲೆಯಲ್ಲಿ ಇರುತ್ತಿತ್ತು. ಪಿಲ್ಲರ್‌ನ ಬಾಗಿಲು ತೆಗೆದು ಬಣ್ಣ ಮಾಸಿದ ನೂರಾರು ತಂತಿಗಳಲ್ಲಿ ಒಂದನ್ನು ಎಳೆದು, ಕಿವಿಗೆ ಟೆಸ್ಟ್ ಫೋನ್ ಇಟ್ಟು, "ಇದು ಡಾಕ್ಟರ ಮನೆಯದ್ದು" ಎನ್ನುವವರು ಹೋದ ಮೇಲೆ ಬಂದ ಗುತ್ತಿಗೆ ಹುಡುಗರು ಪಿಲ್ಲರ್ ಎದುರು ನಿಂತು ತಲೆ ಕೆರೆದುಕೊಂಡರೆ ಅದು ಅವರ ತಪ್ಪಲ್ಲ.

ನಾನು ಗುತ್ತಿಗೆದಾರರ ಮೂಲಕ ದುಡಿದವನು, ಸಂಬಳ ತಿಂಗಳುಗಟ್ಟಲೆ ಬಾಕಿ. ಯಾರನ್ನು ಕೇಳುವುದು?

ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಸಂಸ್ಥೆ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದ ಬಂದ ನಿಯಮ, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಬಿಎಸ್‌ಎನ್‌ಎಲ್‌ನಂಥ ಕೇಂದ್ರ ಸಂಸ್ಥೆಯ ಕೆಲಸವಾದರೆ ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ದೂರು ಕೊಡಬೇಕು.

ದೂರಿಗಿಂತ ಮೊದಲು ಪುರಾವೆ. ನಮ್ಮ ಹುಡುಗರು ಸೋಲುವುದು ಇಲ್ಲಿಯೇ. ಹಾಜರಿ ಪುಸ್ತಕದ ಫೋಟೊ, ಗೇಟ್ ಪಾಸ್, ಎಂಜಿನಿಯರ್ ಕಳಿಸಿದ ವಾಟ್ಸ್‌ಆ್ಯಪ್ ಸೂಚನೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹಿಂದಿನ ಸಂಬಳ ಬಿದ್ದ ಸಾಲು – ಇವನ್ನು ಕೆಲಸದಲ್ಲಿ ಇರುವಾಗಲೇ ಜೋಡಿಸಿಡಿ. ಹೊರಗೆ ಬಂದ ಮೇಲೆ ಯಾರೂ ಕೊಡುವುದಿಲ್ಲ.

ಡಿಸ್ಟ್ರಿಬ್ಯೂಟರ್ ಹತ್ತಿರ ಎಫ್‌ಒಎಸ್ ಆಗಿದ್ದೆ. ಟೀಶರ್ಟ್, ಟಾರ್ಗೆಟ್, ಬೈಗುಳ ಎಲ್ಲ ಕಂಪನಿಯದ್ದೇ. ನಾನು ಕಂಪನಿಯ ನೌಕರನಲ್ಲವಾ?

ಸಾಮಾನ್ಯವಾಗಿ ಅಲ್ಲ. ನಿಮ್ಮ ಮಾಲೀಕ ಡಿಸ್ಟ್ರಿಬ್ಯೂಟರ್. ಕಂಪನಿಯೊಂದಿಗೆ ಅವರದ್ದು ವ್ಯಾಪಾರದ ಒಪ್ಪಂದ. ಸಂಬಳದ ಒಂದು ಭಾಗವನ್ನು ಕಂಪನಿ ಕ್ಲೇಮ್ (ಡಿಸ್ಟ್ರಿಬ್ಯೂಟರ್ ಕಂಪನಿಗೆ ಹಾಕುವ ಖರ್ಚಿನ ಬಿಲ್) ಮೂಲಕ ಕೊಡುತ್ತಿದ್ದರೂ ನೇಮಕ ಪತ್ರ ಕಂಪನಿಯದ್ದಲ್ಲ. ಹೆಚ್ಚಿನವರಿಗೆ ನೇಮಕ ಪತ್ರವೇ ಇರುವುದಿಲ್ಲ, ಅದು ಬೇರೆ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಯ ಅಧಿಕಾರಿ ಸೇಲ್ಸ್ ಮೀಟಿಂಗ್ ತೆಗೆದುಕೊಂಡು ಎಲ್ಲರೆದುರು ನಿನ್ನೆಯ ಆಕ್ಟಿವೇಶನ್ ಕೇಳುತ್ತಾರೆ, ಕಂಪನಿ ಬಾಗಿಲು ಹಾಕಿದ ದಿನ ಅದೇ ಅಧಿಕಾರಿ "ನೀವು ನಮ್ಮ ರೋಲ್‌ನಲ್ಲಿಲ್ಲ" ಎನ್ನುತ್ತಾರೆ. ಅನ್ಯಾಯ ಅನಿಸುತ್ತದೆ, ಅನ್ಯಾಯವೇ. ಬಾಕಿ ಕೇಳಬೇಕಾದದ್ದು ಮಾತ್ರ ಡಿಸ್ಟ್ರಿಬ್ಯೂಟರ್ ಹತ್ತಿರ.

ಅವರೂ ಮುಳುಗಿರುತ್ತಾರೆ ಎನ್ನುವುದು ನಿಜ. ಒಂದು ಕಂಪನಿಯ ಕೊನೆಯ ತಿಂಗಳುಗಳಲ್ಲಿ ನಮ್ಮ ಕಡೆಯ ಒಬ್ಬ ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಸಿಮ್ ಪೆಟ್ಟಿಗೆಗಳು ಹಾಗೇ ಕೂತಿದ್ದವು. ಅದಾಗಲೇ ದುಡ್ಡು ಕೊಟ್ಟು ಎತ್ತಿದ ಮಾಲು. ಕ್ಲೇಮ್ ಬಾಕಿ, ಡಿಪಾಸಿಟ್ ಬಾಕಿ. ಮೇಲಿನವರ ಫೋನ್ ಸ್ವಿಚ್ ಆಫ್.

"ನೀವಾಗಿ ಪೇಪರ್ ಹಾಕಿ, ಇಲ್ಲದಿದ್ದರೆ ನಾವು ತೆಗೆಯಬೇಕಾಗುತ್ತದೆ" ಎನ್ನುತ್ತಾರೆ. ಹಾಕಬೇಕಾ?

ತಕ್ಷಣ ಹಾಕಬೇಡಿ. ರಾಜೀನಾಮೆ ಕೊಟ್ಟವರನ್ನು ಕೆಲಸದಿಂದ ತೆಗೆದರು ಎನ್ನಲಾಗುವುದಿಲ್ಲ. ತೆಗೆದರೆ ಸಿಗಬೇಕಾದ ಪರಿಹಾರ ಅಲ್ಲಿಗೆ ಮುಗಿಯಿತು. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರು ಒಂದು ವರ್ಷ ಸತತ ದುಡಿದಿದ್ದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದೆ, ಹಾಗಾಗಿ ಏನೂ ಸಿಗುವುದಿಲ್ಲ ಎಂದು ನೀವೇ ತೀರ್ಮಾನ ಮಾಡಬೇಡಿ. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ನೀವು ಮಾಡುತ್ತಿದ್ದ ಕೆಲಸವನ್ನು.

ಹಾಕಲೇಬೇಕಾಗಿ ಬಂದರೆ ಎಷ್ಟು ತಿಂಗಳ ಸಂಬಳ, ಇನ್ಸೆಂಟಿವ್ ಬಾಕಿ ಎಷ್ಟು, ಅನುಭವ ಪತ್ರ ಯಾವಾಗ ಎಂಬುದನ್ನು ಮೊದಲು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಗ್ರಾಚ್ಯುಟಿ, ಪಿಎಫ್, ಇಎಸ್‌ಐ ಎಂತ ಮಾಡುವುದು?

ಗ್ರಾಚ್ಯುಟಿ: ಸಾಮಾನ್ಯ ನಿಯಮದಂತೆ ಐದು ವರ್ಷ ತುಂಬಿರಬೇಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. 20,000 ರೂಪಾಯಿ ಇದ್ದು ಎಂಟು ವರ್ಷ ದುಡಿದಿದ್ದರೆ ಸುಮಾರು 92,300 ರೂಪಾಯಿ.

ಪಿಎಫ್: ಕಂಪನಿ ಸತ್ತರೂ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಸಾಯುವುದಿಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕದೇ ಇದ್ದರೆ ಕೊನೆಯ ಕಂತು ಬಿದ್ದ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಮುಚ್ಚಿದ ಕಂಪನಿಯವರು ಇದು ಗೊತ್ತಿಲ್ಲದೇ ವರ್ಷಗಟ್ಟಲೆ ಅಲೆದಿದ್ದಾರೆ. ಪಿಂಚಣಿ ಭಾಗವನ್ನು ಅವಸರದಲ್ಲಿ ತೆಗೆಯಬೇಡಿ. ಸೇವೆ ಒಟ್ಟು ಹತ್ತು ವರ್ಷ ಆದರೆ ಮುಂದೆ ತಿಂಗಳ ಪಿಂಚಣಿಗೆ ಅರ್ಹತೆ ಬರುತ್ತದೆ.

ಇಎಸ್‌ಐ: ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ. ಕೆಲಸ ಹೋದವರಿಗೆ ದಿನದ ಸರಾಸರಿ ವೇತನದ ಅರ್ಧವನ್ನು 90 ದಿನದ ತನಕ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಎಂಬ ಯೋಜನೆ ಇದೆ. ಅದರ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ. ಈಗ ಜಾರಿಯಲ್ಲಿದೆಯೇ ಎಂದು ಕೇಳಿ ಅರ್ಜಿ ಹಾಕಿ. ಜೀವಮಾನದಲ್ಲಿ ಒಮ್ಮೆ ಮಾತ್ರ.

ಕಂಪನಿ ದಿವಾಳಿ ಎಂದು ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಿದೆ. ನಮ್ಮ ದುಡ್ಡು ಬರುತ್ತದಾ?

ಕ್ಲೇಮ್ ಹಾಕಿದರೆ ಬರುವ ಸಾಧ್ಯತೆ ಇದೆ, ಹಾಕದಿದ್ದರೆ ಇಲ್ಲ. ದಿವಾಳಿ ಪ್ರಕ್ರಿಯೆ ಶುರುವಾದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ನೌಕರರು ಫಾರಂ ಡಿ, ಡಿಸ್ಟ್ರಿಬ್ಯೂಟರ್, ಬಾಡಿಗೆದಾತ, ಸಾಮಾನು ಕೊಟ್ಟವರು ಫಾರಂ ಬಿ ತುಂಬಿ, ಪ್ರಕಟಣೆಯಲ್ಲಿ ಹೇಳಿದ ಕೊನೆಯ ದಿನದೊಳಗೆ ರೆಸಲ್ಯೂಷನ್ ಪ್ರೊಫೆಷನಲ್‌ಗೆ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಿಸಿದವರು) ಕಳಿಸಬೇಕು. ಇಮೇಲ್‌ನಲ್ಲಿ ಕಳಿಸಬಹುದು, ಮುಂಬೈಗೆ ಹೋಗುವುದು ಬೇಡ.

ಕಂಪನಿಯನ್ನು ಪೂರ್ತಿ ಮಾರಿ ಹಂಚುವ ಹಂತ ಬಂದರೆ ಮೊದಲು ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕ್‌ಗಳು ಸಮಸಮ. ಅದರ ಕೆಳಗೆ ಉಳಿದ ನೌಕರರ 12 ತಿಂಗಳ ಬಾಕಿ. ಪಿಎಫ್, ಗ್ರಾಚ್ಯುಟಿ ನಿಧಿಯ ಹಣವನ್ನು ಸಾಲ ಕೊಟ್ಟವರಿಗೆ ಹಂಚುವಂತಿಲ್ಲ. ಡಿಸ್ಟ್ರಿಬ್ಯೂಟರ್ ಬಾಕಿ ಇದಕ್ಕೂ ಕೆಳಗೆ. ಈ ಕಂಪನಿಗಳ ಕೈಯಲ್ಲಿದ್ದ ದೊಡ್ಡ ಸೊತ್ತು ತರಂಗಾಂತರ, ಅದರ ಮೇಲೆ ಸರ್ಕಾರದ್ದೇ ಬಾಕಿಯ ತಕರಾರು ಇತ್ತು. ಹಾಗಾಗಿ ಏರ್‌ಸೆಲ್, ರಿಲಯನ್ಸ್ ಕಮ್ಯುನಿಕೇಷನ್ಸ್ ಪ್ರಕರಣಗಳು ವರ್ಷಗಟ್ಟಲೆ ಎಳೆದವು. ಈ ದುಡ್ಡನ್ನು ನಂಬಿ ಮಗಳ ಮದುವೆ ದಿನ ನಿಗದಿ ಮಾಡಬೇಡಿ.

ಗಟ್ಟಿ ಕುಳಗಳಿಗೆ ದುಡ್ಡು ಹೇಗೆ ಬಂತು ಎಂದು ಕೇಳುವವರಿದ್ದಾರೆ. ಟೆಲಿಕಾಂ ಉಪಕರಣದ ಕಂಪನಿ ಎರಿಕ್ಸನ್, ರಿಲಯನ್ಸ್ ಕಮ್ಯುನಿಕೇಷನ್ಸ್ ಕೊಡಬೇಕಿದ್ದ 550 ಕೋಟಿಗೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2019ರ ಫೆಬ್ರವರಿಯಲ್ಲಿ ಆ ಕಂಪನಿಯ ಅಧ್ಯಕ್ಷ ಅನಿಲ್ ಅಂಬಾನಿ ನ್ಯಾಯಾಂಗ ನಿಂದನೆ ಮಾಡಿದ್ದಾರೆಂದು ಕೋರ್ಟ್ ಹೇಳಿ, ಕಟ್ಟದಿದ್ದರೆ ಜೈಲು ಎಂದ ಮೇಲೆ ಹಣ ಬಂತು. ಮುಲ್ಕಿಯ ಪ್ರೊಮೋಟರ್ ಹುಡುಗಿಗೆ ಆ ದಾರಿ ಎಲ್ಲಿದೆ?

ಈ ಲೈನಿನ ಅನುಭವಕ್ಕೆ ಬೇರೆ ಕೆಲಸ ಸಿಗುತ್ತದಾ?

ತಾಂತ್ರಿಕ ಕೆಲಸ ಗೊತ್ತಿದ್ದವರಿಗೆ ಸಿಗುತ್ತದೆ. ಫೈಬರ್ ಸ್ಪ್ಲೈಸಿಂಗ್ (ಎಳೆ ಜೋಡಿಸುವ ಕೆಲಸ) ಬರುವವರು, ಓಟಿಡಿಆರ್ ಎಂಬ ಪರೀಕ್ಷಾ ಯಂತ್ರ ಹಿಡಿದು ಎಲ್ಲಿ ತುಂಡಾಗಿದೆ ಎಂದು ಹೇಳುವವರು ಈಗಲೂ ಕಡಿಮೆ. ಜೆಸಿಬಿ ಮಣ್ಣು ಅಗೆಯುವ ತನಕ ಅವರ ಕೆಲಸಕ್ಕೆ ಭಯ ಇಲ್ಲ. ಬಿಎಸ್‌ಎನ್‌ಎಲ್ ಫೈಬರ್ ಸಂಪರ್ಕಗಳನ್ನು ಊರಿನ ಕೇಬಲ್ ಆಪರೇಟರ್‌ಗಳೊಟ್ಟಿಗೆ ಪಾಲುದಾರಿಕೆಯಲ್ಲಿ ಕೊಡುತ್ತದೆ. ಹಳೇ ಲೈನ್‌ಮ್ಯಾನ್‌ಗಳು ಕೆಲವರು ಅಲ್ಲಿ ಸೇರಿದ್ದಾರೆ. ಟವರ್ ಕಡೆಯವರು ಬ್ಯಾಟರಿ, ಜನರೇಟರ್, ಸೋಲಾರ್ ಕೆಲಸಕ್ಕೆ ಹೋದರು. ಗಲ್ಫ್‌ಗೂ ಹೋದರು.

ಸೇಲ್ಸ್‌ನವರದ್ದು ಕಷ್ಟ. ಹೆಚ್ಚಿನವರು ಫೈನಾನ್ಸ್ ಕಂಪನಿಗೋ ವಿಮೆಗೋ ಸೇರುತ್ತಾರೆ. ಅಲ್ಲಿಯೂ ಅದೇ ಬೈಕ್, ಅದೇ ಟಾರ್ಗೆಟ್, ಜೊತೆಗೆ ವಸೂಲಿ. ನಲ್ವತ್ತು ದಾಟಿದ ಏರಿಯಾ ಮ್ಯಾನೇಜರ್‌ಗಳಿಗೆ ನಾನು ಹೇಳುವುದು ಇಷ್ಟೇ: ಹಳೇ ಸಂಬಳದ ಲೆಕ್ಕದಲ್ಲಿ ಕೂರಬೇಡಿ, ಆ ಸಂಬಳ ಕೊಡುತ್ತಿದ್ದ ಕಂಪನಿ ಅದನ್ನು ಸಾಲ ಮಾಡಿ ಕೊಡುತ್ತಿತ್ತು.

ಗ್ರಾಹಕರ ಕಡೆಯಿಂದ: ಕಂಪನಿ ಮುಚ್ಚಿದರೆ ನಂಬರ್ ಹೋಗುತ್ತದಾ?

ಸಮಯಕ್ಕೆ ಪೋರ್ಟ್ ಮಾಡಿದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರೆ, ಹೋಗುವುದಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಈ ಸೌಲಭ್ಯ ಇದೆ. ಪೋರ್ಟ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಮಾಡಿ. ಎಂಟು ಅಕ್ಷರದ ಕೋಡ್ ಬರುತ್ತದೆ, ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ರಾಜ್ಯದೊಳಗೆ ಮೂರು ಕೆಲಸದ ದಿನ ಸಾಕು. ಸಿಮ್ ತೆಗೆದುಕೊಂಡು 90 ದಿನ ಆಗಿರಬೇಕು. 2024ರ ಜುಲೈಯಿಂದ, ಸಿಮ್ ಬದಲಿಸಿ ಏಳು ದಿನದೊಳಗೆ ಪೋರ್ಟ್ ಮಾಡುವಂತಿಲ್ಲ. ಪ್ರೀಪೇಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ.

ನಾವು ದುಬೈನಲ್ಲಿದ್ದೇವೆ. ಊರಿನ ನಂಬರ್ ಬ್ಯಾಂಕ್ ಓಟಿಪಿಗೆ ಮಾತ್ರ. ಉಳಿಸುವುದು ಹೇಗೆ?

90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರ್ ಬಂದ್ ಮಾಡಿ ಬೇರೆಯವರಿಗೆ ಕೊಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದು ಅವಧಿ ಮುಂದುವರಿಸಬೇಕು ಎಂದು ಟ್ರಾಯ್ ನಿಯಮ ಇದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರದ ಪ್ಯಾಕ್ ಎಲ್ಲ ಕಂಪನಿಗಳೂ ಕೊಡಬೇಕು, ಅವಧಿ 365 ದಿನದ ತನಕ ಇರಬಹುದು ಎಂದಿತು. ಊರಿನಲ್ಲಿರುವ ಅಮ್ಮನ ಕೀಪ್ಯಾಡ್ ಫೋನಿಗೂ ಅದೇ ಸರಿ. ಅಂಗಡಿಯಲ್ಲಿ ಕೇಳಿದರೆ ಮಾತ್ರ ಹೇಳುತ್ತಾರೆ.

ಪೈಪೋಟಿ ಇದ್ದರೂ ದರ ಯಾಕೆ ಏರುತ್ತದೆ? ಬಿಎಸ್‌ಎನ್‌ಎಲ್‌ಗೆ ಹೋದರೆ ಹೇಗೆ?

ಹತ್ತು ಮಂದಿ ಇದ್ದಾಗಿನ ಪೈಪೋಟಿ ಬೇರೆ, ಮೂವರದ್ದು ಬೇರೆ. 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ – ಮೂರು ಸಲವೂ ಒಬ್ಬರ ಹಿಂದೆ ಒಬ್ಬರು ಕೆಲವೇ ದಿನಗಳಲ್ಲಿ ಏರಿಸಿದರು. ಕೊನೆಯ ಸಲ ಪ್ಯಾಕ್ ಮೇಲೆ ಹೊಂದಿಕೊಂಡು ಶೇ. 10ರಿಂದ 27ರ ತನಕ. ಆಗ ಕೆಲವು ತಿಂಗಳು ಬಿಎಸ್‌ಎನ್‌ಎಲ್ ಕಡೆ ಜನ ಹರಿದರು. 2024ರ ಅಕ್ಟೋಬರ್–ಡಿಸೆಂಬರ್‌ನಲ್ಲಿ ಅದು 262 ಕೋಟಿ ಲಾಭ ತೋರಿಸಿತು, 2007ರ ನಂತರ ಮೊದಲ ಬಾರಿಗೆ. 2025ರ ಸೆಪ್ಟೆಂಬರ್ 27ರಂದು ಸ್ವದೇಶಿ 4ಜಿಯನ್ನು ಅಧಿಕೃತವಾಗಿ ಶುರುಮಾಡಿದರು. ಉಳಿದವರು 5ಜಿ ಹರಾಜು ಮುಗಿಸಿ ಮೂರು ವರ್ಷವಾಗಿತ್ತು.

ಹೋಗುವ ಮೊದಲು ನಿಮ್ಮ ಮನೆಯೊಳಗೆ ಪರೀಕ್ಷೆ ಮಾಡಿ. ಸುಳ್ಯ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ, ಕೊಲ್ಲೂರಿನ ಕಡೆ ಒಂದೇ ಕಂಪನಿಯ ಸಿಗ್ನಲ್ ಮಾತ್ರ ಸಿಗುವ ಜಾಗಗಳಿವೆ, ಅದು ಬಿಎಸ್‌ಎನ್‌ಎಲ್ ಆಗಿರುವುದೂ ಉಂಟು. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಇಳಿದರೆ ಅದೂ ಇಲ್ಲ. ಪಕ್ಕದ ಮನೆಯವರ ಸಿಮ್ ಹಾಕಿ ಮಳೆ ದಿನ ನೋಡಿ, ಬಿಸಿಲಿನಲ್ಲಲ್ಲ.

ವಿಐ (ವೊಡಾಫೋನ್ ಐಡಿಯಾ) ಮುಚ್ಚುತ್ತದಾ?

ಈಗ ಅದರ ಅತಿ ದೊಡ್ಡ ಷೇರುದಾರ ಕೇಂದ್ರ ಸರ್ಕಾರ. ಬಾಕಿಯನ್ನು ಷೇರಾಗಿ ಬದಲಿಸುತ್ತ 2023ರಲ್ಲಿ ಸುಮಾರು ಶೇ. 33, 2025ರಲ್ಲಿ ಶೇ. 49ರ ಹತ್ತಿರ ಬಂದಿದೆ. ವಿಲೀನದ ಹೊತ್ತಿಗೆ 40 ಕೋಟಿ ದಾಟಿದ್ದ ಗ್ರಾಹಕರು ಅರ್ಧಕ್ಕೆ ಇಳಿದಿದ್ದಾರೆ. ಇಬ್ಬರೇ ಉಳಿಯುವುದು ಸರ್ಕಾರಕ್ಕೂ ಬೇಡ, ಹಾಗಾಗಿ ರಾತ್ರೋರಾತ್ರಿ ಬಾಗಿಲು ಹಾಕುತ್ತದೆ ಎಂದು ನನಗೆ ಅನಿಸುವುದಿಲ್ಲ. ಅಲ್ಲಿ ದುಡಿಯುವ ಹುಡುಗರಿಗೆ ಮಾತ್ರ ಇದನ್ನು ನಂಬಿ ಗೃಹಸಾಲ ಮಾಡಿ ಎನ್ನಲಾರೆ.

ತಾರಸಿ ಮೇಲೆ ಮುಚ್ಚಿದ ಕಂಪನಿಯ ಟವರ್ ಉಂಟು. ಬಾಡಿಗೆ ನಿಂತಿದೆ. ಕಡಿದು ಗುಜರಿಗೆ ಹಾಕಬಹುದಾ?

ಹಾಕಬೇಡಿ. ಕಬ್ಬಿಣ ನಿಮ್ಮದಲ್ಲ. ಒಪ್ಪಂದ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಬೋರ್ಡ್ ಮೊಬೈಲ್ ಕಂಪನಿಯದ್ದಿದ್ದರೂ ಟವರ್ ಬೇರೆ ಟವರ್ ಕಂಪನಿಯದ್ದಾಗಿರುವುದುಂಟು. ಅದು ಚಾಲ್ತಿಯಲ್ಲಿದ್ದರೆ ಬಾಡಿಗೆ ಅವರೇ ಕೊಡಬೇಕು. ಅದೂ ದಿವಾಳಿಯಲ್ಲಿದ್ದರೆ ಫಾರಂ ಬಿ. ಜೊತೆಗೆ ಟವರ್ ತೆಗೆಯಿರಿ ಎಂದು ವಕೀಲರ ಮೂಲಕ ನೋಟಿಸ್ ಕೊಡಿ, ಕಟ್ಟಡಕ್ಕೆ ಅಪಾಯ ಇದ್ದರೆ ಎಂಜಿನಿಯರ್ ವರದಿ ಲಗತ್ತಿಸಿ ಪಾಲಿಕೆಗೂ ಬರೆಯಿರಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಕಾಲುಗಳನ್ನು ಮಳೆಗಾಲದ ಮೊದಲು ಒಮ್ಮೆ ನೋಡಿಸಿ.

ಇದರ ಬೆನ್ನಿಗೇ ಇನ್ನೊಂದು ಫೋನ್ ಬರುತ್ತದೆ: "ನಿಮ್ಮ ಜಾಗದಲ್ಲಿ 5ಜಿ ಟವರ್ ಹಾಕುತ್ತೇವೆ, ಅಡ್ವಾನ್ಸ್ ಲಕ್ಷಗಟ್ಟಲೆ, ಮೊದಲು ನೋಂದಣಿ ಶುಲ್ಕ ಕಟ್ಟಿ." ಟವರ್ ಹಾಕಲು ಜಾಗದವರಿಂದ ದುಡ್ಡು ತೆಗೆದುಕೊಳ್ಳುವ ಕ್ರಮ ಎಲ್ಲಿಯೂ ಇಲ್ಲ. ಟ್ರಾಯ್ ಹೆಸರಿನ ಪತ್ರ ತೋರಿಸಿದರೂ ಅದು ನಕಲಿ. ಫೋನ್ ಇಟ್ಟು 1930ಕ್ಕೆ ದೂರು ಕೊಡಿ.